ಜುಲೈ ತಿಂಗಳಿಗೆಂದೇ ಸೈಕಲ್ ಆರಿಸಿ: ಉತ್ತರ ಕನ್ನಡದ ಡಾಂಬರು, ರಾಡಿ, ಘಟ್ಟಗಳಿಗೆ ಒಗ್ಗುವ ಡ್ರಾಪ್ ಬಾರ್ ಸೈಕಲ್

ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿದ ಹ್ಯಾಂಡಲ್ (ಡ್ರಾಪ್ ಬಾರ್) ಇರುವ ಸೈಕಲ್ಲನ್ನು ರೇಸಿನವರ ವಸ್ತು ಎಂದುಕೊಂಡವರೇ ಹೆಚ್ಚು. ದಿನಾ ಹತ್ತು ಹದಿನೈದು ಕಿಲೋಮೀಟರ್ ಹೋಗಿ ಬರುವವರಿಗೆ ಅದು ನಿಜಕ್ಕೂ ಅನುಕೂಲ. ಕೈಯಿಡಲು ಮೂರು ನಾಲ್ಕು ಜಾಗ ಸಿಗುತ್ತದೆ. ಸಂಜೆ ಕಡಲ ಗಾಳಿ ಎದುರಾದಾಗ ತಗ್ಗಿ ಕೂರಬಹುದು. ಆದರೆ ಬೆಂಗಳೂರಿನ ಅಂಗಡಿಯಲ್ಲಿ ಒಳ್ಳೆಯದೆನಿಸಿದ ಸೈಕಲ್ ಕಾರವಾರದಲ್ಲೋ ಶಿರಸಿಯಲ್ಲೋ ಮೊದಲ ಮಳೆಗಾಲಕ್ಕೇ ಸೋಲುತ್ತದೆ. ಮಡ್‌ಗಾರ್ಡ್ ಕೂರುವುದಿಲ್ಲ, ಕೆಂಪು ಮಣ್ಣು ಚಕ್ರವನ್ನು ಕಚ್ಚಿ ಹಿಡಿಯುತ್ತದೆ, ಬ್ರೇಕ್ ಪ್ಯಾಡ್ ಹೇಳಹೆಸರಿಲ್ಲದೆ ಸವೆಯುತ್ತದೆ.

ಆದ್ದರಿಂದ ಆಯ್ಕೆಯ ಸೂತ್ರ ಒಂದೇ: ಸೈಕಲ್ಲನ್ನು ಜುಲೈ ತಿಂಗಳಿಗೆಂದು ಆರಿಸಿ. ಪುನರ್ವಸು, ಪುಷ್ಯ ಮಳೆಯಲ್ಲಿ ನಿಲ್ಲದೆ ಓಡುವ ಸೈಕಲ್ ಜನವರಿಯಲ್ಲಿ ಸುಮ್ಮನೆ ಓಡುತ್ತದೆ. ತೂಕ, ವೇಗ, ಬಣ್ಣ ಎಲ್ಲ ಕೊನೆಗೆ.

ಹೆಜ್ಜೆ 1: ದಾರಿಯ ಲೆಕ್ಕ ಬರೆಯಿರಿ

ಒಂದು ವಾರ ನೀವು ಹೋಗುವ ದಾರಿಯನ್ನು ತುಂಡು ತುಂಡಾಗಿ ಬರೆದಿಡಿ: ಎಷ್ಟು ಕಿಲೋಮೀಟರ್ ಡಾಂಬರು, ಎಷ್ಟು ಕಾಂಕ್ರೀಟ್, ಎಷ್ಟು ಮಣ್ಣು, ಎಷ್ಟು ಸಡಿಲ ಜಲ್ಲಿ. ಅಮದಳ್ಳಿಯಿಂದ ಕಾರವಾರ ಪೇಟೆಗೆ ಬರುವವರದು ಬಹುತೇಕ ಹೆದ್ದಾರಿ 66ರ ಅಂಚು. ಅಲ್ಲಿ ತೊಂದರೆ ಕೊಡುವುದು ಅಂಚಿಗೆ ಬಂದು ಕೂತ ಮರಳು, ಮೀನು ಲಾರಿಯಿಂದ ಸೋರಿದ ನೀರು. ಕಡವಾಡದ ಕಡೆಯಿಂದ ಕಾಳಿ ನದಿಗುಂಟ ಬರುವವರಿಗೆ ಇಕ್ಕಟ್ಟು ಡಾಂಬರು, ಹೊಂಡ. ಶಿರಸಿಯ ಹುಲೇಕಲ್, ಬನವಾಸಿ ರಸ್ತೆಗಳ ಆಚೀಚೆ ತೋಟದ ಮನೆ ಇರುವವರಿಗೆ ಕೊನೆಯ ಒಂದೆರಡು ಕಿಲೋಮೀಟರ್ ಕೆಮ್ಮಣ್ಣಿನ ರಸ್ತೆ, ಗಿಡ್ಡ ಕಡಿದಾದ ಏರು, ಹಳ್ಳಕ್ಕೆ ಒಂದು ಸಂಕ.

ಮಣ್ಣು ಮತ್ತು ಜಲ್ಲಿ ಸೇರಿ ದಾರಿಯ ಹತ್ತನೇ ಒಂದು ಪಾಲಿಗಿಂತ ಕಡಿಮೆಯಿದ್ದರೆ 35 ಮಿ.ಮೀ. ಅಗಲದ ಟೈರ್ ಸಾಕು. ಅರ್ಧದವರೆಗೆ ಇದ್ದರೆ 40 ಬೇಕು. ಅದಕ್ಕೂ ಹೆಚ್ಚೆಂದರೆ 45ರಿಂದ 47. ಬೀಚಿನ ಪಕ್ಕದ ಎರಡು ಬೆರಳು ಆಳದ ಒಣ ಮರಳಿನಲ್ಲಿ ಮಾತ್ರ 47 ಕೂಡ ಹೂಳುತ್ತದೆ. ಅದಕ್ಕಾಗಿ ಟೈರ್ ಆರಿಸುವುದಕ್ಕಿಂತ ದಾರಿ ಬದಲಿಸುವುದೇ ಸರಿ.

ಬದಲಿ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಅದೇ ವರ್ಷ ಆಗಸ್ಟ್ 7ರ ನಸುಕಿಗೆ ಕಾಳಿ ನದಿಯ ಹಳೇ ಸೇತುವೆ ಮುರಿದು ಬಿತ್ತು. ನಮ್ಮ ಮಳೆಗಾಲದಲ್ಲಿ ಒಳರಸ್ತೆಗೆ ಇಳಿಯುವ ದಿನ ಬಂದೇ ಬರುತ್ತದೆ. ಸಂದೇಹವಿದ್ದರೆ ಟೈರಿನಲ್ಲಿ ಒಂದು ಅಳತೆ ಮೇಲಕ್ಕೇ ಹೋಗಿ.

ಹೆಜ್ಜೆ 2: ಟೈರಿನ ಸುತ್ತಲಿನ ಸಂದು ಅಳೆಯಿರಿ

ಇಡೀ ಆಯ್ಕೆಯಲ್ಲಿ ಮುಖ್ಯವಾದದ್ದು ಇದೇ. ಬೇರೆ ಎಲ್ಲವನ್ನೂ ಆಮೇಲೆ ಬದಲಿಸಬಹುದು. ಫ್ರೇಮ್ ಮತ್ತು ಮುಂದಿನ ಚಕ್ರವನ್ನು ಹಿಡಿಯುವ ಫೋರ್ಕಿನ ಸಂದು ಮಾತ್ರ ಕೊಂಡ ದಿನ ಎಷ್ಟಿತ್ತೋ ಅಷ್ಟೇ.

ಕೆಂಪು ಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ಒದ್ದೆಯಾದಾಗ ಟೈರಿಗೆ ಅಂಟಿ ಮೇಲೇಳುತ್ತದೆ, ಸಂದು ಕಿರಿದಾದ ಕಡೆ ಸಿಕ್ಕಿಕೊಳ್ಳುತ್ತದೆ, ಅದರ ಮೇಲೆ ಇನ್ನೊಂದು ಪದರ ಕೂರುತ್ತದೆ. ಅದರೊಳಗಿನ ಸಣ್ಣ ಕಲ್ಲು ಉಪ್ಪುಕಾಗದದ ಹಾಗೆ ಫ್ರೇಮಿನ ಬಣ್ಣವನ್ನು, ಕಾರ್ಬನ್ ಆದರೆ ನಾರನ್ನೇ ತಿನ್ನುತ್ತದೆ. ಇದು ಆಗುವ ಜಾಗಗಳು ಮೂರು: ಪೆಡಲ್ ಅಚ್ಚಿನ ಹಿಂದೆ ಎರಡು ಕೊಳವೆಗಳು ಕೂಡುವಲ್ಲಿ, ಸೀಟಿನ ಕೆಳಗಿನ ಕೊಳವೆಗಳ ನಡುವೆ, ಫೋರ್ಕಿನ ನೆತ್ತಿಯಲ್ಲಿ.

ಅಂಗಡಿಗೆ ಹೋಗುವಾಗ 6 ಮಿ.ಮೀ. ಅಲೆನ್ ಕೀ ಒಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ಮೂರೂ ಕಡೆ ಟೈರಿನ ಎರಡೂ ಪಕ್ಕಕ್ಕೆ, ಮೇಲಕ್ಕೆ ಅದು ಸಲೀಸಾಗಿ ಹೋಗಬೇಕು. ಇದು ಕನಿಷ್ಠ ಮಾತ್ರ, ನಮ್ಮ ರಾಡಿಗೆ 8ರಿಂದ 10 ಇದ್ದರೆ ನೆಮ್ಮದಿ.

ಕಂಪನಿಯವರು ‘ಗರಿಷ್ಠ 45’ ಎಂದು ಬರೆದಿದ್ದರೆ ಅದು ಮಡ್‌ಗಾರ್ಡ್ ಇಲ್ಲದ ಲೆಕ್ಕ. ಮಡ್‌ಗಾರ್ಡ್ ಹಾಕಿದರೆ 5 ಮಿ.ಮೀ. ಕಳೆಯಿರಿ. ಮಣ್ಣು ರಸ್ತೆ ದಿನವೂ ಇದ್ದರೆ ಇನ್ನೊಂದು 5 ಕಳೆಯಿರಿ. ಅಂದರೆ ವರ್ಷವಿಡೀ 40ರ ಟೈರ್ ಮತ್ತು ಮಡ್‌ಗಾರ್ಡ್ ಬೇಕೆನ್ನುವವರು 50 ಹಿಡಿಯುವ ಫ್ರೇಮನ್ನೇ ಹುಡುಕಬೇಕು, 45 ಕೊನೆಯ ಗಡಿ.

ಈ ಒಂದು ಅಳತೆಯಿಂದಲೇ ಸೈಕಲ್ಲಿನ ಜಾತಿ ತೀರ್ಮಾನವಾಗುತ್ತದೆ. ರೇಸಿನ ರೋಡ್ ಬೈಕ್ ಹೋಯಿತು. ದೂರದೋಟದ ಎಂಡ್ಯೂರೆನ್ಸ್ ರೋಡ್ ಬೈಕುಗಳಲ್ಲಿ ಹೆಚ್ಚಿನವು 32–35ಕ್ಕೆ ನಿಲ್ಲುತ್ತವೆ, ಮಡ್‌ಗಾರ್ಡ್ ಹಾಕಿದರೆ 28–30. ಅವೂ ಹೋದವು. ಸೈಕ್ಲೋಕ್ರಾಸ್ ಸೈಕಲ್ ಒಂದು ಗಂಟೆಯ ಸ್ಪರ್ಧೆಗೆ ಮಾಡಿದ್ದು, ಕ್ಯಾರಿಯರ್, ಮಡ್‌ಗಾರ್ಡುಗಳಿಗೆ ತೂತು ಇರದಿರುವುದೇ ಹೆಚ್ಚು. ಉಳಿಯುವುದು ಜಲ್ಲಿ, ಮಣ್ಣಿನ ದಾರಿಗೆ ಮಾಡಿದ ಗ್ರಾವೆಲ್ ಬೈಕ್ ಮತ್ತು ಭಾರ ಹೊರುವ ಟೂರಿಂಗ್ ಬೈಕ್. ಚೀಲ ಹಗುರವಿದ್ದರೆ ಗ್ರಾವೆಲ್; ಲ್ಯಾಪ್‌ಟಾಪು, ಬುತ್ತಿ, ಬದಲಿ ಬಟ್ಟೆ, ಬರುವಾಗ ಸಂತೆಯ ಸಾಮಾನು ಎಲ್ಲ ಹೊರುವವರಿಗೆ ಟೂರಿಂಗ್.

ಟೈರಿನ ಮೇಲಿನ ಅಂಕಿ ಓದುವುದನ್ನು ಕಲಿಯಿರಿ. 40-622 ಎಂದಿದ್ದರೆ 700×40. ಮೌಂಟನ್ ಬೈಕಿನ 29 ಇಂಚಿನ ರಿಮ್ಮೂ 622 ಅಳತೆಯದೇ, 27.5 ಇಂಚಿನದು 584. ಮೌಂಟನ್ ಬೈಕಿನ ಟ್ಯೂಬುಗಳು ನಮ್ಮ ಪೇಟೆಗಳಲ್ಲೂ ಸಿಗುವುದರಿಂದ ಅಗಲದ ಅಳತೆ ಹೊಂದಿದರೆ ತುರ್ತಿಗೆ ಅವನ್ನು ಹಾಕಬಹುದು. ತೊಡಕು ವಾಲ್ವಿನದು. ಮೋಟಾರ್ ಬೈಕಿನ ಚಕ್ರಕ್ಕಿರುವಂಥ ದಪ್ಪ ವಾಲ್ವಿಗೆ ಸುಮಾರು 8.5 ಮಿ.ಮೀ. ತೂತು ಬೇಕು, ಗ್ರಾವೆಲ್ ರಿಮ್ಮಿನ ತೂತು ಸಾಮಾನ್ಯವಾಗಿ ಸಣ್ಣ ಪ್ರೆಸ್ಟಾ ವಾಲ್ವಿಗೆಂದು 6.5 ಇರುತ್ತದೆ. ಕೊಳ್ಳುವಾಗಲೇ ನೋಡಿಕೊಳ್ಳಿ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕಿಸಲು ಹಿತ್ತಾಳೆಯ ಸಣ್ಣ ಅಡಾಪ್ಟರ್ ಒಂದು ಚೀಲದಲ್ಲಿರಲಿ.

ಟೈರಿನ ನಡುಭಾಗ ನುಣುಪು ಅಥವಾ ಸಣ್ಣ ಚುಕ್ಕೆ, ಪಕ್ಕಕ್ಕೆ ಗುಬಟು ಇರುವಂಥದ್ದನ್ನು ಆರಿಸಿ. ಎಲ್ಲ ಕಡೆ ದೊಡ್ಡ ಗುಬಟು ಇರುವ ಟೈರ್ ಮಣ್ಣನ್ನು ಹೊತ್ತು ತರುತ್ತದೆ, ಡಾಂಬರಿನಲ್ಲಿ ಬೇಗ ಸವೆಯುತ್ತದೆ. ಕಾಂಕ್ರೀಟ್ ರಸ್ತೆಯ ಮೇಲೆ ಕಟ್ಟಿದ ಹಾವಸೆಗೆ ಮಾತ್ರ ಯಾವ ಟೈರೂ ಮದ್ದಲ್ಲ. ಅಲ್ಲಿ ಸೈಕಲ್ ವಾಲಿಸದೆ, ಬ್ರೇಕ್ ಮುಟ್ಟದೆ ನೇರ ದಾಟಬೇಕು.

ಗಾಳಿಯ ಒತ್ತಡಕ್ಕೆ ಒಂದು ಆರಂಭದ ಲೆಕ್ಕ: ಸವಾರ, ಸೈಕಲ್, ಚೀಲ ಸೇರಿ 90 ಕಿಲೋ ಇದ್ದರೆ 40ರ ಟೈರಿಗೆ ಹಿಂದೆ 42–45 ಪಿಎಸ್‌ಐ, ಮುಂದೆ 36–38. ಮಳೆಯ ದಿನ ಎರಡಕ್ಕೂ ನಾಲ್ಕು ಇಳಿಸಿ. ಹೊಂಡಕ್ಕೆ ಬಿದ್ದಾಗ ರಿಮ್ ಟಣ್ ಎಂದರೆ ಇಳಿಸಿದ್ದು ಹೆಚ್ಚಾಯಿತು.

ಟ್ಯೂಬೋ, ಟ್ಯೂಬ್‌ಲೆಸ್ಸೋ? ಒದ್ದೆ ರಬ್ಬರನ್ನು ಗಾಜು, ಚೂಪು ಕಲ್ಲು ಸುಲಭವಾಗಿ ಕೊಯ್ಯುತ್ತವೆ, ನೀರೇ ಅಲ್ಲಿ ಎಣ್ಣೆಯಾಗುತ್ತದೆ. ಹಾಗಾಗಿ ಮಳೆಗಾಲದಲ್ಲೇ ಪಂಕ್ಚರ್ ಹೆಚ್ಚು. ಘಟ್ಟದ ಮೇಲಿನ ದಾರಿಯಲ್ಲಿ ಮಳೆಯಲ್ಲಿ ಕೂತು ಟ್ಯೂಬ್ ಬದಲಿಸುವವರ ಕಾಲಿಗೆ ಉಂಬಳ ಹತ್ತದೆ ಬಿಡುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಟ್ಯೂಬ್‌ಲೆಸ್ ನಿಜವಾಗಿ ಬೆಲೆ ಕೊಡುತ್ತದೆ. ಆದರೆ ತೂತು ಮುಚ್ಚಲು ಒಳಗೆ ಹಾಕುವ ದ್ರವ ನಮ್ಮ ಸೆಕೆಗೆ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ. ಅದನ್ನು ನೋಡಿ ತುಂಬುವ ತಾಳ್ಮೆ ಇಲ್ಲದವರು ಒಳಪಟ್ಟಿ ಇರುವ ಗಟ್ಟಿ ಟೈರಿಗೆ ಟ್ಯೂಬ್ ಹಾಕಿಕೊಳ್ಳುವುದೇ ಲೇಸು.

ಹೆಜ್ಜೆ 3: ಬ್ರೇಕ್

ಡಿಸ್ಕ್ ಬ್ರೇಕ್ ಬಿಟ್ಟು ಬೇರೆ ನೋಡಬೇಡಿ. ರಿಮ್ ಬ್ರೇಕಿನಲ್ಲಿ ಮರಳು ಬೆರೆತ ನೀರು ಪ್ರತಿ ಸಲವೂ ರಿಮ್ಮನ್ನು ಅರೆಯುತ್ತದೆ, ಒದ್ದೆ ರಿಮ್ ಒಣಗುವ ತನಕ ಬ್ರೇಕ್ ಹಿಡಿಯುವುದೂ ಇಲ್ಲ.

ಡಿಸ್ಕಿನಲ್ಲಿ ತಂತಿಯದು, ಎಣ್ಣೆಯದು ಎಂದು ಎರಡು ಬಗೆ. ಎಣ್ಣೆಯದು ಮುಚ್ಚಿದ ವ್ಯವಸ್ಥೆ. ರಾಡಿ ಒಳಗೆ ಹೋಗುವುದಿಲ್ಲ, ಪ್ಯಾಡ್ ಸವೆದಂತೆ ತಾನೇ ಸರಿಹೊಂದಿಕೊಳ್ಳುತ್ತದೆ, ಥಂಡಿಗೆ ಮರಗಟ್ಟಿದ ಬೆರಳಿಗೂ ಹಗುರ. ಕೆಟ್ಟರೆ ಮಾತ್ರ ಊರಿನ ಸೈಕಲ್ ರಿಪೇರಿ ಅಂಗಡಿಯಲ್ಲಿ ಸರಿಯಾಗುವುದು ಕಷ್ಟ. ಹುಬ್ಬಳ್ಳಿಗೋ ಮಡಗಾಂವಿಗೋ ಒಯ್ಯಬೇಕು, ಇಲ್ಲವೇ ಎಣ್ಣೆ ಬದಲಿಸುವ ಕಿಟ್ ಮನೆಯಲ್ಲಿಟ್ಟು ಕಲಿಯಬೇಕು. ಶಿಮಾನೊ ಕಂಪನಿಯ ಬ್ರೇಕಿಗೆ ಮಿನರಲ್ ಆಯಿಲ್ ಮಾತ್ರ. ಮೋಟಾರ್ ಬೈಕಿನ ಡಾಟ್ ಬ್ರೇಕ್ ಎಣ್ಣೆ ಹಾಕಿದರೆ ಒಳಗಿನ ಸೀಲುಗಳು ಉಬ್ಬಿ ಬ್ರೇಕ್ ಹಾಳಾಗುತ್ತದೆ.

ತಂತಿಯ ಡಿಸ್ಕ್ ಆರಿಸುವುದಾದರೆ ಎರಡು ವಿಷಯಕ್ಕೆ ಪಟ್ಟು ಹಿಡಿಯಿರಿ. ಒಂದು, ಎರಡೂ ಕಡೆಯ ಪ್ಯಾಡ್ ಚಲಿಸುವ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ). ಒಂದೇ ಕಡೆ ಚಲಿಸುವುದನ್ನು ಮಳೆಗಾಲದಲ್ಲಿ ಪದೇಪದೇ ತಿರುವಿ ಸರಿಪಡಿಸುತ್ತಲೇ ಇರಬೇಕಾಗುತ್ತದೆ. ಎರಡು, ಹಿಡಿಯಿಂದ ಕ್ಯಾಲಿಪರ್‌ವರೆಗೆ ಎಲ್ಲೂ ತೆರೆಯದ ಹೊರಕವಚ, ಒಳಗೆ ಸ್ಟೇನ್‌ಲೆಸ್ ತಂತಿ.

ಪ್ಯಾಡಿನಲ್ಲೂ ಎರಡು ಬಗೆ. ರೆಸಿನ್ ಪ್ಯಾಡ್ ಸದ್ದಿಲ್ಲದೆ ಹಿಡಿಯುತ್ತದೆ, ಒದ್ದೆ ಮರಳಿನಲ್ಲಿ ಬಹಳ ಬೇಗ ಕರಗುತ್ತದೆ. ಲೋಹದ ಪ್ಯಾಡ್ ಕಿರುಗುಟ್ಟುತ್ತದೆ, ಬಾಳುತ್ತದೆ. ಜೂನ್ ಮೊದಲ ವಾರ ಲೋಹದ್ದಕ್ಕೆ ಬದಲಿಸಿಕೊಳ್ಳಿ. ಅದಕ್ಕೆ ಮುಂಚೆ ಡಿಸ್ಕಿನ ಮೇಲೆ ಕೊರೆದ ಬರಹ ನೋಡಿ: ರೆಸಿನ್ ಪ್ಯಾಡ್ ಮಾತ್ರ ಎಂದಿದ್ದರೆ ಆ ಡಿಸ್ಕ್ ಲೋಹದ ಪ್ಯಾಡಿಗೆ ಮೆತ್ತಗಾಯಿತು, ಡಿಸ್ಕನ್ನೂ ಬದಲಿಸಬೇಕು. ಶಿಮಾನೊ ಪ್ಯಾಡಿನ ಸವಕಳಿಯ ಮಿತಿ 0.5 ಮಿ.ಮೀ., ಆದರೆ ಮಳೆಗಾಲದಲ್ಲಿ 1 ಮಿ.ಮೀ. ಉಳಿದಾಗಲೇ ತೆಗೆಯಿರಿ. ಡಿಸ್ಕ್ ಹೊಸದಿದ್ದಾಗ 1.8 ದಪ್ಪ, 1.5ಕ್ಕೆ ಇಳಿದರೆ ಅದರ ಆಯುಷ್ಯ ಮುಗಿಯಿತು.

ರಜೆಯಲ್ಲಿ ದೇವಿಮನೆ ಅಥವಾ ಅರಬೈಲ್ ಘಟ್ಟ ಇಳಿಯುವ ಮನಸ್ಸಿದ್ದರೆ ಮುಂದೆ ಹಿಂದೆ ಎರಡೂ 160 ಮಿ.ಮೀ. ಡಿಸ್ಕ್ ಇರಲಿ. ಯಾವ ಹಿಡಿ ಯಾವ ಚಕ್ರಕ್ಕೆ ಎಂಬುದನ್ನೂ ಕೇಳಿ. ಬೈಕ್ ಓಡಿಸುವವರಿಗೆ ಬಲಗೈ ಎಂದರೆ ಮುಂದಿನ ಬ್ರೇಕ್ ಎಂದು ರೂಢಿ. ಸೈಕಲ್ಲಿನಲ್ಲಿ ಅದು ಅದಲುಬದಲಾಗಿದ್ದರೆ ಗಾಬರಿಯಲ್ಲಿ ತಪ್ಪು ಬ್ರೇಕ್ ಬೀಳುತ್ತದೆ. ಎಣ್ಣೆಯ ಬ್ರೇಕಿನಲ್ಲಿ ಇದನ್ನು ಆಮೇಲೆ ಬದಲಿಸುವುದು ದೊಡ್ಡ ಕೆಲಸ, ಅಂಗಡಿಯಲ್ಲೇ ಮಾಡಿಸಿ.

ಹೆಜ್ಜೆ 4: ಗಿಯರ್ ಲೆಕ್ಕ

ಮುಂದಿನ ಅತಿ ಸಣ್ಣ ಹಲ್ಲುಗಾಲಿಯ ಹಲ್ಲುಗಳನ್ನು ಹಿಂದಿನ ಅತಿ ದೊಡ್ಡದರ ಹಲ್ಲುಗಳಿಂದ ಭಾಗಿಸಿ. ಉತ್ತರ 1 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮಾತ್ರ ಕೊಳ್ಳಿ.

ಏಕೆಂದರೆ 700×40ರ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ನಿಮಿಷಕ್ಕೆ 70 ಸಲ ಪೆಡಲ್ ತುಳಿದರೆ, ರೋಡ್ ಬೈಕಿನ 34/28 ಗಿಯರಿನಲ್ಲಿ ವೇಗ ಗಂಟೆಗೆ 11 ಕಿ.ಮೀ. ಆಗುತ್ತದೆ. ಒಟ್ಟು 90 ಕಿಲೋ ಭಾರವನ್ನು ನೂರು ಮೀಟರಿಗೆ ಎಂಟು ಮೀಟರ್ ಏರುವ ದಾರಿಯಲ್ಲಿ ಆ ವೇಗಕ್ಕೆ ಎಳೆಯಲು ಸುಮಾರು 250 ವಾಟ್ ಬೇಕು. ಆಫೀಸಿಗೆ ಹೋಗುವವರು ದಿನಾ ಬೆಳಿಗ್ಗೆ ಕೊಡುವ ಶಕ್ತಿ ಅದಲ್ಲ. ಅದೇ 30/34ರಲ್ಲಿ ವೇಗ 8 ಕಿ.ಮೀ., ಶಕ್ತಿ ಸುಮಾರು 185 ವಾಟ್. ನಿಧಾನವಾಗಿ, ಮೊಣಕಾಲು ನೋಯದೆ ಹತ್ತಬಹುದು.

ಶಿಮಾನೊದ ಗ್ರಾವೆಲ್ ಸೆಟ್ ಜಿಆರ್‌ಎಕ್ಸ್‌ನಲ್ಲಿ ಮುಂದೆ ಎರಡು ಹಲ್ಲುಗಾಲಿಯ 46/30 ಜೋಡಿ ಈ ಲೆಕ್ಕಕ್ಕೆ ಚೆನ್ನಾಗಿ ಕೂರುತ್ತದೆ. 46/11ರಲ್ಲಿ ಇಳಿಜಾರಿನಲ್ಲಿ ಗಂಟೆಗೆ 50 ಕಿ.ಮೀ.ವರೆಗೂ ತುಳಿಯಬಹುದು, ದಿನದ ಓಡಾಟಕ್ಕೆ ಅದಕ್ಕಿಂತ ಬೇಡ. ಮುಂದೆ 40ರ ಒಂದೇ ಹಲ್ಲುಗಾಲಿ, ಹಿಂದೆ 11ರಿಂದ 42 ಇರುವ 40×11-42 ಕೂಡ ಆಗುತ್ತದೆ. ಚೈನನ್ನು ಸರಿಸುವ ಮುಂದಿನ ಡಿರೇಲರ್ ಇಲ್ಲದ ಕಾರಣ ರಾಡಿ ಸಿಕ್ಕುವ ಒಂದು ಜಾಗ ಕಡಿಮೆಯಾಯಿತು, ಆದರೆ ಗಿಯರುಗಳ ನಡುವಿನ ಅಂತರ ದೊಡ್ಡದು. ಕರಾವಳಿಯ ಸಪಾಟಿನವರಿಗೆ ಆ ಅಂತರ ಕಾಲಿಗೆ ಗೊತ್ತಾಗುತ್ತದೆ. ಘಟ್ಟದ ಮೇಲಿನವರಿಗೆ ಅಷ್ಟಾಗಿ ಅಲ್ಲ.

ಬಜೆಟ್ ಬಿಗಿಯಿದ್ದರೆ ಶಿಮಾನೊದ 9 ಗಿಯರಿನ ಸೋರಾ ಸೆಟ್, 34/34ರೊಂದಿಗೆ, ಯಾವ ಸಂಕೋಚವೂ ಇಲ್ಲದೆ ಕೊಳ್ಳಬಹುದು. ಚೈನು ಅಗ್ಗ, ಸಣ್ಣ ಕೊಳೆಗೆ ಮುನಿಯುವುದಿಲ್ಲ. 12 ಗಿಯರಿನ ದುಬಾರಿ ಸೆಟ್ಟಿಗೆ ಹಾಕುವ ಹಣವನ್ನು ಚಕ್ರ ಮತ್ತು ದೀಪಕ್ಕೆ ಹಾಕಿ.

ಹೆಜ್ಜೆ 5: ಫ್ರೇಮ್, ಉಪ್ಪು, ತುಕ್ಕು

ಕಡಲಿನಿಂದ ಒಂದೆರಡು ಕಿಲೋಮೀಟರ್ ಒಳಗೆ ಇರುವವರು ಅಲ್ಯೂಮಿನಿಯಂ ಫ್ರೇಮ್, ಕಾರ್ಬನ್ ಅಥವಾ ಅಲ್ಯೂಮಿನಿಯಂ ಫೋರ್ಕ್ ಆರಿಸಿ. ಉಕ್ಕು ಸವಾರಿಗೆ ಹಿತ, ಬೆಸುಗೆಗೂ ಒಗ್ಗುತ್ತದೆ. ಆದರೆ ಅದು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಉಕ್ಕೇ ಬೇಕೆಂದರೆ ಮೊದಲ ಮಳೆಗೆ ಮುಂಚೆ ಕೊಳವೆಗಳ ಒಳಗೆಲ್ಲ ತುಕ್ಕು ತಡೆಯುವ ಮೇಣ ಸಿಂಪಡಿಸಿ.

ಅಲ್ಯೂಮಿನಿಯಂಗೂ ಅದರದೇ ಕಾಟ ಇದೆ. ಉಕ್ಕಿನ ಬೋಲ್ಟು ಮತ್ತು ಅಲ್ಯೂಮಿನಿಯಂ ಉಪ್ಪುನೀರಿನಲ್ಲಿ ಸೇರಿದರೆ ಬಿಳಿ ಪುಡಿ ಕಟ್ಟಿ ಎರಡೂ ಒಂದಾಗಿಬಿಡುತ್ತವೆ, ಆಮೇಲೆ ಬಿಚ್ಚಲು ಹೋದರೆ ಬೋಲ್ಟಿನ ತಲೆ ಮುರಿಯುತ್ತದೆ. ಎಲ್ಲ ಬೋಲ್ಟುಗಳಿಗೂ ಗ್ರೀಸ್ ಹಚ್ಚಿಯೇ ಹಾಕಬೇಕು.

ನೋಡಬೇಕಾದ ಮಿಕ್ಕ ಅಂಶಗಳು: ಪೆಡಲ್ ಅಚ್ಚಿನ ಬೇರಿಂಗ್ ಒತ್ತಿ ಕೂರಿಸಿದ್ದಲ್ಲ, ತಿರುಪಿನದ್ದಾಗಿರಲಿ, ಒತ್ತಿದ್ದು ನೀರು ಕುಡಿದು ಕಿರುಗುಟ್ಟಲು ಶುರುಮಾಡಿದರೆ ಅದನ್ನು ಕೀಳುವ ಉಪಕರಣ ಹತ್ತಿರದಲ್ಲೆಲ್ಲೂ ಸಿಗದು. ಆ ಜಾಗದ ತಳದಲ್ಲಿ ನೀರು ಇಳಿಯುವ ಸಣ್ಣ ತೂತು ಇದೆಯೇ ನೋಡಿ. ಹಿಂದೆ ಕ್ಯಾರಿಯರಿಗೆ, ಮುಂದೆ ಹಿಂದೆ ಮಡ್‌ಗಾರ್ಡಿಗೆ 5 ಮಿ.ಮೀ. ಬೋಲ್ಟಿನ ತೂತುಗಳು ಇರಲೇಬೇಕು. ಹಿಂದಿನ ಕೊಳವೆಯ ಉದ್ದ 430 ಮಿ.ಮೀ.ಗಿಂತ ಹೆಚ್ಚಿದ್ದರೆ ಪಕ್ಕದ ಚೀಲಕ್ಕೆ ಹಿಮ್ಮಡಿ ತಾಗುವುದಿಲ್ಲ. ಚಕ್ರಕ್ಕೆ 32 ಕಡ್ಡಿ, ಕಡ್ಡಿಯ ತುದಿಗೆ ಹಿತ್ತಾಳೆಯ ನಿಪ್ಪಲ್. ಅಲ್ಯೂಮಿನಿಯಂ ನಿಪ್ಪಲ್ ನಮ್ಮ ಹವೆಗೆ ಕಚ್ಚಿಕೊಂಡು ಒಡೆಯುತ್ತದೆ.

ಹೆಜ್ಜೆ 6: ಅಳತೆ

ಚಪ್ಪಟೆ ಹ್ಯಾಂಡಲಿನಿಂದ ಬರುವವರು ಸಾಮಾನ್ಯವಾಗಿ ಉದ್ದ ಹೆಚ್ಚಿರುವ ಫ್ರೇಮ್ ಕೊಂಡು ಕುತ್ತಿಗೆ ನೋವು ತಂದುಕೊಳ್ಳುತ್ತಾರೆ. ಎರಡು ಅಳತೆಯ ನಡುವೆ ಬಿದ್ದರೆ ಸಣ್ಣದನ್ನೇ ತೆಗೆದುಕೊಳ್ಳಿ. ಹ್ಯಾಂಡಲಿನ ಅಗಲ ಭುಜದಷ್ಟು ಇರಲಿ, ಕೆಳತುದಿ ಸ್ವಲ್ಪ ಹೊರಕ್ಕೆ ಅಗಲಿದ್ದರೆ ಮಣ್ಣಿನಲ್ಲಿ ಹಿಡಿತ ಒಳ್ಳೆಯದು, ಬಾಗುವಿನ ಆಳ 125 ಮಿ.ಮೀ. ಮೀರದಿರಲಿ. ಕೆಳಗೆ ಹಿಡಿದಾಗ ಬ್ರೇಕಿನ ಹಿಡಿ ಎರಡು ಬೆರಳಿಗೆ ಸಿಗಬೇಕು. ಸಿಗದಿದ್ದರೆ ಹಿಡಿಯೊಳಗಿನ ಸಣ್ಣ ತಿರುಪಿನಿಂದ ಹತ್ತಿರಕ್ಕೆ ತರಿಸಿ.

ಪೆಡಲನ್ನು ಮುಂದಕ್ಕೆ ತಂದು ಹ್ಯಾಂಡಲ್ ತಿರುಗಿಸಿ, ಕಾಲ್ಬೆರಳು ಮುಂದಿನ ಚಕ್ರಕ್ಕೆ ತಾಗುತ್ತದೆಯೇ ನೋಡಿ. ಮಡ್‌ಗಾರ್ಡ್ ಹಾಕಿದ ಮೇಲೆ ಇನ್ನೂ ಒಂದೆರಡು ಸೆಂ.ಮೀ. ಜಾಗ ಹೋಗುತ್ತದೆ. ಗಿಡ್ಡ ಆಳಿಗೆ, ಸಣ್ಣ ಫ್ರೇಮಿಗೆ ಇದು ಬಹಳ ಸಲ ತಾಗುತ್ತದೆ. ತೋಟದ ಇಕ್ಕಟ್ಟಿನ ತಿರುವಿನಲ್ಲಿ ನಿಧಾನಕ್ಕೆ ಹೊರಳಿಸುವಾಗ ಬೀಳಿಸುವುದು ಇದೇ.

ಹೆಜ್ಜೆ 7: ಮನೆಗೆ ತಂದ ಮೇಲೆ, ಮಳೆಗೆ ಮುಂಚೆ

ಮಡ್‌ಗಾರ್ಡ್ ಟೈರಿಗಿಂತ 8–10 ಮಿ.ಮೀ. ಅಗಲವಿರಲಿ, ಟೈರಿನಿಂದ 15 ಮಿ.ಮೀ. ಮೇಲಿರಲಿ. ಮುಂದಿನದರ ತುದಿಗೆ ಹಳೆಯ ಟೈರಿನ ರಬ್ಬರ್ ತುಂಡನ್ನು ನೆಲದಿಂದ ನಾಲ್ಕು ಬೆರಳು ಎತ್ತರದವರೆಗೆ ಇಳಿಬಿಟ್ಟರೆ ಬೂಟು, ಚೈನು ಎರಡೂ ಉಳಿಯುತ್ತವೆ. ಈ ತುಂಡು ರಬ್ಬರಿಗಿಂತ ಹೆಚ್ಚು ಉಪಕಾರ ಮಾಡುವ ಭಾಗ ಇಡೀ ಸೈಕಲ್ಲಿನಲ್ಲಿ ಕಡಿಮೆ. ಕಾರವಾರ–ಬಿಣಗಾ ನಡುವಿನ ಸುರಂಗದಲ್ಲಿ, ಜಡಿಮಳೆಯ ಹಗಲಿನಲ್ಲೂ ಹಿಂದಿನ ಕೆಂಪು ದೀಪ ಉರಿಯುತ್ತಿರಲಿ.

ಸೀಟಿನ ಕಂಬಕ್ಕೆ ಗ್ರೀಸ್ ಹಚ್ಚಿ, ಕಾರ್ಬನ್ ಆದರೆ ಅದಕ್ಕೆಂದೇ ಇರುವ ಪೇಸ್ಟ್. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಕಂಬ ತೆಗೆದು ಸೈಕಲ್ಲನ್ನು ತಲೆಕೆಳಗು ಮಾಡಿದರೆ ಒಳಗೆ ನಿಂತ ನೀರು ಹೊರಬರುತ್ತದೆ. ಚೈನಿಗೆ ಮಳೆಗೆ ನಿಲ್ಲುವ ದಪ್ಪ ಎಣ್ಣೆ, ದಿನಾ ಸಂಜೆ ಬಟ್ಟೆಯಲ್ಲಿ ಒರೆಸಿ. ಎಣ್ಣೆಯ ಸ್ಪ್ರೇ ಬೇಡ, ಒಂದು ಹನಿ ಡಿಸ್ಕಿಗೆ ಹಾರಿದರೂ ಪ್ಯಾಡ್ ಕೆಟ್ಟಂತೆ. ತೊಳೆಯಲು ಬಕೆಟ್ ಸಿಹಿನೀರು, ಬ್ರಷ್ ಸಾಕು. ಬೈಕ್ ತೊಳೆಯುವ ಗನ್ನಿನ ಕೆಳಗೆ ಹಿಡಿದರೆ ನೀರು ಸೀಲು ದಾಟಿ ಬೇರಿಂಗಿಗೆ ಹೋಗುತ್ತದೆ.

ಚೈನಿನ ಸವಕಳಿಗೆ ಗೇಜ್ ಇಲ್ಲದಿದ್ದರೆ ಉಕ್ಕಿನ ಅಡಿಪಟ್ಟಿ ಹಿಡಿಯಿರಿ. ಒಂದು ಪಿನ್ನಿನ ನಡುವಿನಿಂದ, ಅದನ್ನು ಬಿಟ್ಟು ಎಣಿಸಿದ 24ನೇ ಪಿನ್ನಿನ ನಡುವಿಗೆ ಹೊಸ ಚೈನು ಸರಿಯಾಗಿ 12 ಇಂಚು ತೋರಿಸುತ್ತದೆ. ಇಂಚಿನ ಹದಿನಾರನೇ ಒಂದು ಪಾಲು ಹೆಚ್ಚಾದರೆ 11–12 ಗಿಯರಿನ ಚೈನು ಬದಲಿಸಿ. 8–10 ಗಿಯರಿನದಾದರೆ ಅದರ ಒಂದೂವರೆಪಟ್ಟು ತನಕ ತಡೆಯಬಹುದು. ಬಿಟ್ಟರೆ ಹಿಂದಿನ ಹಲ್ಲುಗಾಲಿಗಳನ್ನೂ ತಿಂದುಹಾಕುತ್ತದೆ.

ಮನೆಯಲ್ಲಿ ಒಂದು ಡಬ್ಬಿ: ಎರಡು ಜೊತೆ ಬ್ರೇಕ್ ಪ್ಯಾಡ್, ಎರಡು ಟ್ಯೂಬ್, ಒಂದು ಚೈನು, ಅದಕ್ಕೆ ಎರಡು ಜೋಡುಕೊಂಡಿ, ಒಂದು ಗಿಯರ್ ತಂತಿ, ಮತ್ತು ಹಿಂದಿನ ಡಿರೇಲರ್ ತೂಗುವ ಹ್ಯಾಂಗರ್ ಒಂದು. ಈ ಹ್ಯಾಂಗರನ್ನು ಸೈಕಲ್ ಕೊಳ್ಳುವ ದಿನವೇ ಬಿಲ್ಲಿಗೆ ಸೇರಿಸಿ. ಬಿದ್ದಾಗ ಮೊದಲು ಬಾಗುವುದು ಅದೇ. ಒಂದು ಫ್ರೇಮಿನದು ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ, ಮಳೆಗಾಲದ ನಡುವೆ ಹುಡುಕಿದರೆ ವಾರಗಟ್ಟಲೆ ಬಸ್ಸಿನಲ್ಲೇ ಓಡಾಡಬೇಕಾಗುತ್ತದೆ.